ಕೊನೆಯ ಪಲ್ಲವಿಗೆ ಗಂಟೆ

ಅಮ್ಮ ಅಪ್ಪನ ಜೊತೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಅಪ್ಪನಿಗೆ ಅದಿನ್ನೂ ಗೊತ್ತಾಗಿರಲಿಲ್ಲ.

ಮಾತು ಬಿಟ್ಟವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಎದುರಿನವನು ಒಂದಿಷ್ಟು ಚಡಪಡಿಸಬೇಕು, ಮುಖ ಸಪ್ಪೆ ಮಾಡಿಕೊಳ್ಳಬೇಕು, ಮೂರನೆಯ ದಿನಕ್ಕಾದರೂ "ಏನಾಯ್ತೇ ನಿಂಗೆ" ಎಂದು ಕೇಳಬೇಕು. ಅಪ್ಪ ಬೆಳಿಗ್ಗೆ ಎದ್ದು ಟೀ ಕುಡಿದ, ತನ್ನ ಲೋಟ ತಾನೇ ತೊಳೆದಿಟ್ಟ, ಕೆಲಸಕ್ಕೆ ಹೋದ, ಬಂದ, ಉಂಡ, ಮಲಗಿದ. ಹನ್ನೊಂದು ದಿನವೂ ಇದೇ. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಶರ್ಟುಗಳಿಗೆ ಕಾಲರು ಕೂರಿಸುವವಳು. ಸಂಜೆ ಬರುವಾಗ ಕತ್ತು ಮರದ ಕೊರಡಾಗಿರುತ್ತಿತ್ತು. ಅಂಥವಳು ಉಳಿದಿದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿ ಸಿಟ್ಟು ಮಾಡಿಕೊಂಡರೆ, ಆ ಸಿಟ್ಟನ್ನು ಕಣ್ಣೆತ್ತಿ ನೋಡುವವರೇ ಇಲ್ಲ.

"ನಿಮ್ಮಪ್ಪನಿಗೆ ಹೇಳು, ಬಚ್ಚಲ ನಲ್ಲಿ ಸೋರ್ತಾ ಇದೆ ಅಂತ," ಎಂದಳು ಅಮ್ಮ, ಮಗಳ ತಟ್ಟೆಗೆ ಅನ್ನ ಬಡಿಸುತ್ತ. ಅಪ್ಪ ಕೂತಿದ್ದುದು ಅಮ್ಮನ ಎಡಗಡೆಗೆ, ಒಂದು ಮೊಳ ದೂರದಲ್ಲಿ.

ಮಗಳು ಅಪ್ಪನ ಎದುರಿಗೇ ಕೂತಿದ್ದಳು. ಅವನು ತಲೆಯೆತ್ತುವವರೆಗೆ ಕಾದು, "ಅಪ್ಪಾ, ಬಚ್ಚಲ ನಲ್ಲಿ ಸೋರ್ತಿದೆಯಂತೆ," ಎಂದಳು.

"ಹೌದಾ? ವಾಷರ್ ಹೋಗಿರ್ಬೇಕು. ನಾಳೆ ಹಾಕ್ತೀನಿ ಬಿಡು."

"ನೋಡಿದ್ರಾ ಅತ್ತೆ?" ಅಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಾನು ಮಾತಾಡ್ತಿದ್ದಾಗ ಇದನ್ನೇ ಮೂರು ಸಲ ಹೇಳಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಮಗಳು ಒಂದ್ಸಲ ಹೇಳಿದ ತಕ್ಷಣ ನಾಳೆನೇ ಹಾಕ್ತಾರಂತೆ!"

"ಗಂಡಸರು ಇರೋದೇ ಹಾಗೆ ಕಣಮ್ಮ," ಎಂದಳು ಅಜ್ಜಿ. "ಆಲೂಗಡ್ಡೆ ಇದ್ರೆ ಇನ್ನೊಂದು ಹೋಳು ಹಾಕು."

ಅಜ್ಜಿ ಅಪ್ಪನ ತಾಯಿ. ಮಗನ ಮಾತು ಬಂದಾಗಲೆಲ್ಲ ಅವಳಿಗೆ ಹಸಿವಾಗುತ್ತಿತ್ತು.

ಗಂಡನ ಮೇಲೆ ನಡೆಯದ ಸಿಟ್ಟು ಮಗಳ ಕಡೆ ತಿರುಗಿತು. "ನೀನೂ ಅಷ್ಟೇ ಬಿಡು, ಅಪ್ಪನ ಅಚ್ಚು. ಸ್ಕೂಲು ಬಿಟ್ರೆ ಸ್ಕೇಟಿಂಗ್ ರಿಂಕು, ರಿಂಕು ಬಿಟ್ರೆ ಊಟ. ಗಣಿತದಲ್ಲಿ ಮೂವತ್ತೆಂಟು! ಗಾಲಿ ಉರುಳಿಸಿದ್ರೆ ಅನ್ನ ಹುಟ್ಟುತ್ತಾ?"

"ಅಪ್ಪನಿಗೆ ಹುಟ್ತಾ ಇದೆಯಲ್ಲ."

"ಬಾಯಿ ನೋಡು ಇದರದು! ಅಪ್ಪನಿಗಿಲ್ಲದ ಬಾಯೆಲ್ಲ ನಿಂಗೆ ಬಂದಿದೆ."

ಅಪ್ಪ ತಟ್ಟೆ ಒರೆಸಿದಂತೆ ಉಂಡು, ಎಲ್ಲರನ್ನೂ ನೋಡಿ ಒಂದು ಸಣ್ಣ ನಗೆ ನಕ್ಕು, ಎದ್ದು ಹೋದ. ಈಚೆಗೆ ಅವನು ಹಾಗೆ ಸುಮ್ಮಸುಮ್ಮನೆ ನಗುತ್ತಿದ್ದ. ಅಮ್ಮನಿಗೆ ಆ ನಗು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಮಗಳಿಗೆ ಹದಿನಾರು ವರ್ಷ. ಗಾಲಿಬೂಟು ಕಟ್ಟಿಕೊಂಡು ನಿಂತಲ್ಲೇ ಗಿರಕಿ ಹೊಡೆಯುತ್ತಿದ್ದಳೆಂದು ರಿಂಕಿನಲ್ಲಿ ಬುಗುರಿ ಎಂದು ಹೆಸರಾಗಿತ್ತು. ಈಗ ಮನೆಯವರೂ ಹಾಗೇ ಕರೆಯುತ್ತಿದ್ದರು.

ಅಪ್ಪನ ಕೆಲಸ ಆ ಸ್ಕೇಟಿಂಗ್ ರಿಂಕಿನಲ್ಲಿ. ಒಂದು ಕಾಲಕ್ಕೆ ಗೋದಾಮಾಗಿದ್ದ ಕಟ್ಟಡ. ಉದ್ದನೆಯ ಹಲಗೆಯ ನೆಲ, ಸುತ್ತ ಸೊಂಟದೆತ್ತರದ ಕಂಬಿ, ಬಾಗಿಲ ಬಳಿ ಬೂಟು ಬಾಡಿಗೆಗೆ ಕೊಡುವ ಕಿಟಕಿ. ಒಂದು ಮೂಲೆಯಲ್ಲಿ ಆರು ಮೆಟ್ಟಿಲು ಹತ್ತಿದರೆ ಗಾಜಿನ ಗೂಡು. ಗೂಡಿನಲ್ಲಿ ಎರಡು ಟೇಪ್ ರೆಕಾರ್ಡರು, ಗೋಡೆ ತುಂಬ ಕ್ಯಾಸೆಟ್ಟು, ಮತ್ತೊಂದು ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ, ಸ್ಕೇಟ್ ಮಾಡುವವರ ನೆತ್ತಿಯ ಮೇಲೆ, ಒಂದು ಹಿತ್ತಾಳೆಯ ಗಂಟೆ. ಹದಿನೆಂಟು ವರ್ಷದಿಂದ ಆ ಗೂಡು ಅಪ್ಪನದು.

ರಿಂಕಿಗೊಂದು ಕಟ್ಟಳೆಯಿತ್ತು. ಒಂದು ಹಾಡಿಗೆ ಎಲ್ಲರೂ ಬಲಕ್ಕೆ ಸುತ್ತಬೇಕು, ಮುಂದಿನ ಹಾಡಿಗೆ ಎಡಕ್ಕೆ. ಒಂದೇ ಕಡೆ ಸುತ್ತಿದರೆ ಹಲಗೆಯೂ ಸವೆಯುತ್ತದೆ, ಗಾಲಿಯೂ ಸವೆಯುತ್ತದೆ, ತಲೆಯೂ ತಿರುಗುತ್ತದೆ. ಹಾಡಿನ ಕೊನೆಯ ಪಲ್ಲವಿ ಶುರುವಾಗುತ್ತಿದ್ದಂತೆ ಅಪ್ಪ ಹಗ್ಗ ಎಳೆಯಬೇಕು. ಗಂಟೆ ಕೇಳಿದವರು ವೇಗ ತಗ್ಗಿಸಿ, ಕಂಬಿ ಹಿಡಿದು, ಹಿಂತಿರುಗಿ ನಿಲ್ಲಬೇಕು. ಹಾಡು ಪೂರ್ತಿ ಮುಗಿದ ಮೇಲೆ ಹೊಡೆದರೆ ಕೆಲಸಕ್ಕೆ ಬಾರದು, ಮೊದಲೇ ಹೊಡೆದರೂ ಬಾರದು. ಹಾಡು ಎಲ್ಲಿಗೆ ಬಂತೆಂದು ಗಂಟೆಯವನಿಗೆ ತಿಳಿದಿರಬೇಕು. ಕೆಲಸವೆಂದರೆ ಅಷ್ಟೇ.

ಎರಡು ವರ್ಷದ ಹಿಂದೆ ಗಂಟೆ ತಡವಾಗತೊಡಗಿತು. ಹಳೆಯ ಹಾಡುಗಳು ಅಪ್ಪನಿಗೆ ಬಾಯಿಪಾಠ, ಗಡಿಯಾರ ನೋಡಿಯೇ ಹೊಡೆಯುತ್ತಿದ್ದ. ಹುಡುಗರು ಹೊಸ ಕ್ಯಾಸೆಟ್ಟು ತಂದುಕೊಟ್ಟಾಗ ಮಾತ್ರ ಎಡವಟ್ಟಾಗುತ್ತಿತ್ತು. "ಗಂಟೆ ಮಾಮ ನಿದ್ದೆ ಹೊಡೀತಿದಾನೆ" ಎಂದು ಹುಡುಗರು ನಗುತ್ತಿದ್ದರು. ಬುಗುರಿಗೆ ಆಗ ಹದಿನಾಲ್ಕು. ಅವಳು ಒಂದು ಸಂಜೆ ಗಾಜಿನಾಚೆ ಅಪ್ಪನ ಮುಖ ನೋಡಿದಳು. ಅವನು ನಿದ್ದೆಯಲ್ಲಿರಲಿಲ್ಲ. ಸ್ಕೇಟ್ ಮಾಡುವವರ ತುಟಿಗಳನ್ನು, ಯಾರಾದರೂ ಹಾಡು ಗುನುಗುತ್ತಾರೇನೋ ಎಂದು, ಒಂದೊಂದಾಗಿ ನೋಡುತ್ತಿದ್ದ.

ಆವತ್ತು ಕೊನೆಯ ಪಲ್ಲವಿ ಬಂದಾಗ ಅವಳು ರಿಂಕಿನ ನಡುವಿಗೆ ಹೋಗಿ, ಗೂಡಿಗೆ ಮುಖ ಮಾಡಿ, ನಾಲ್ಕು ಮಾರು ಹಿಂದಕ್ಕೆ ಉರುಳಿದಳು. ಅಪ್ಪ ನೋಡಿದ. ಹಗ್ಗ ಎಳೆದ. ಮುಂದಿನ ಹಾಡಿಗೂ ಹಾಗೇ ಮಾಡಿದಳು, ಅವನೂ ಹಾಗೇ ಎಳೆದ. ಅಂದಿನಿಂದ ಎರಡು ವರ್ಷ ಗಂಟೆ ಒಂದು ದಿನವೂ ತಪ್ಪಲಿಲ್ಲ. ಅಪ್ಪ ಮಗಳು ಆ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟು ಮಾತಾಡಲಿಲ್ಲ. ಬಾಯಿ ಬಿಟ್ಟರೆ ಅವನಿಗೆ ಕಿವಿ ಕೇಳುವುದಿಲ್ಲವೆಂಬುದು ನಿಜವಾಗಿಬಿಡುತ್ತಿತ್ತು. ಕಿವಿಯಿಲ್ಲದವನನ್ನು ಗಂಟೆಗೆ ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಅವಳು ಜ್ವರ ಬಂದರೂ ರಿಂಕಿಗೆ ಹೋದಳು, ಗಣಿತದ ಪರೀಕ್ಷೆಯ ಹಿಂದಿನ ಸಂಜೆಯೂ ಹೋದಳು.

ರಿಂಕಿನಲ್ಲಿ ಅವಳಿಗೆ ಇಬ್ಬರು ಗೆಳೆಯರು. ಔಷಧಿ ಅಂಗಡಿಯವರ ಮಗಳು ಕಡ್ಡಿ, ಹೆಸರಿಗೆ ತಕ್ಕ ಹಾಗೆ ಉದ್ದಕ್ಕೆ, ತೆಳ್ಳಗೆ, ಸಿಟ್ಟು ಬಂದರೆ ಗೀರುವ ಮುಂಚೆಯೇ ಹತ್ತಿಕೊಳ್ಳುವವಳು. ಇನ್ನೊಬ್ಬ ಪಟಾಕಿ, ಬಾಯಿಗೆ ಬೀಗವಿಲ್ಲದ ಹುಡುಗ, ಊರಿಗೆ ಬರುವ ಹೊಸ ಹಾಡೆಲ್ಲ ಮೊದಲು ಅವನ ಜೇಬಿಗೆ ಬರಬೇಕು. ರಿಂಕಿನ ವಾರ್ಷಿಕ ಪ್ರದರ್ಶನಕ್ಕೆ ಆರು ವಾರವಿತ್ತು. ಮೂವರೂ ಸೇರಿ ಒಂದು ಹಾಡಿಗೆ ಕುಣಿಯುವುದೆಂದು ಹೆಸರು ಕೊಟ್ಟಿದ್ದರು. ಕಡ್ಡಿ ಹೆಜ್ಜೆಗಳನ್ನೆಲ್ಲ ಬಾಣ ಹಾಕಿ ನೋಟುಬುಕ್ಕಿನಲ್ಲಿ ಬರೆದಿದ್ದಳು.

"ಇಲ್ಲಿ ನೀನು ಹಿಂದಕ್ಕೆ ಹೋಗ್ತೀಯ, ನಾವಿಬ್ರೂ ನಿನ್ನ ಸುತ್ತ ಬರ್ತೀವಿ," ಎಂದಳು ಕಡ್ಡಿ.

"ಹಿಂದಕ್ಕೆ ಬೇಡ. ನಂಗೆ ಬರಲ್ಲ."

"ಬರಲ್ವಾ? ಪ್ರತಿ ಹಾಡಿನ ಕೊನೇಲೂ ಮದುವೆ ಹೆಣ್ಣಿನ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗ್ತೀಯಲ್ಲೇ!"

"ಅದು ಬೇರೆ."

"ಏನು ಬೇರೆ? ಕಾಲು ಬೇರೆನಾ?" ಎಂದ ಪಟಾಕಿ.

"ಬೇಡ ಅಂದ್ನಲ್ಲ. ಇನ್ನೇನಾದ್ರೂ ಹಾಕು."

"ಇವಳದ್ದು ಯಾವಾಗ್ಲೂ ಇದೇ ಕಣೋ," ಎಂದಳು ಕಡ್ಡಿ. "ನಮ್ಮ ಜೊತೆ ಇರ್ತಾಳೆ, ನಮ್ಮ ಜೊತೆ ಇರಲ್ಲ. ಕಣ್ಣು ಯಾವಾಗ್ಲೂ ಆ ಗೂಡಿನ ಮೇಲೇ."

ಬುಗುರಿ ಲೇಸು ಬಿಗಿ ಮಾಡಿಕೊಂಡಳು. ನೋಟುಬುಕ್ಕಿನಲ್ಲಿ ಕಡ್ಡಿ ಆ ಬಾಣವನ್ನು ಹೊಡೆದುಹಾಕಲಿಲ್ಲ.

ಅದಾಗಿ ಮೊದಲ ಶನಿವಾರ ಮಧ್ಯಾಹ್ನ. ರಿಂಕು ತುಂಬಿತ್ತು, ಕಂಬಿ ಬಿಟ್ಟು ಆಗಷ್ಟೇ ನಿಲ್ಲಲು ಕಲಿತ ಚಿಕ್ಕ ಮಕ್ಕಳೇ ಹದಿನೈದು ಮಂದಿ. ಪಟಾಕಿ ತಂದ ಹೊಸ ಕ್ಯಾಸೆಟ್ಟು ಹಾಡುತ್ತಿತ್ತು. ಮೂವರೂ ನಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಆ ಹಾಡಿನಲ್ಲಿ ಏನಿತ್ತೋ, ಎರಡನೆಯ ಚರಣಕ್ಕೆ ಬುಗುರಿಗೆ ಕಾಲೇ ಮರೆತುಹೋಯಿತು. ಮನೆಯ ಮೌನ, ಮೂವತ್ತೆಂಟು ಅಂಕ, ಅಮ್ಮನ ಸೌಟು ಎಲ್ಲ ದೂರ ಸರಿದವು. ಕಡ್ಡಿ "ಈಗ!" ಎಂದು ಕೂಗಿದಳು. ಬುಗುರಿ ಸುಮ್ಮನೆ, ನಗುತ್ತ, ಹಿಂದಕ್ಕೆ ಉರುಳಿದಳು. ಎಂದೂ ಇಲ್ಲದ ಖುಷಿಯಾಗಿತ್ತು ಅವಳಿಗೆ. ಮುಖ ಗೂಡಿನ ಕಡೆಗಿತ್ತು.

ಗಂಟೆ ಹೊಡೆಯಿತು.

ಹಾಡು ಇನ್ನೂ ಅರ್ಧದಲ್ಲಿತ್ತು. ಚಿಕ್ಕವರು ಹೇಳಿಕೊಟ್ಟ ಹಾಗೆ ತಕ್ಷಣ ಹಿಂದೆ ತಿರುಗಿದರು. ಹಾಡು ನಡೆಯುತ್ತಿರುವಾಗ ಗಂಟೆಯೇನು ಎಂದು ದೊಡ್ಡವರು ಅದೇ ವೇಗದಲ್ಲಿ ಬಂದರು. ಎರಡು ಗುಂಪು ಎದುರುಬದುರಾದವು. ನೆಲಕ್ಕೆ ಬಿದ್ದ ಮಗುವೊಂದನ್ನು ಎಳೆದುಕೊಳ್ಳಲು ಕಡ್ಡಿ ನಡುವಿನಿಂದ ಹೊರಗೆ ನುಗ್ಗಿದಳು. ದಪ್ಪನೆಯ ಆಸಾಮಿಯೊಬ್ಬ ಬಂದು ಅವಳಿಗೆ ಬಡಿದ. ಅವಳು ಎಡಗೈ ಊರಿ ಬಿದ್ದಳು. ಒಣ ಕೊಂಬೆ ಮುರಿದಂಥ ಸದ್ದು ಬುಗುರಿಗೆ ಹಾಡಿನ ನಡುವೆಯೂ ಕೇಳಿಸಿತು.

ಕಡ್ಡಿ ಕಿರುಚಿದಳು, ಮಕ್ಕಳು ಅತ್ತರು, ಹಾಡು ಮಾತ್ರ ಹಾಡುತ್ತಲೇ ಇತ್ತು. ಗೂಡಿನಲ್ಲಿ ಅಪ್ಪ ಎದ್ದು ನಿಂತಿದ್ದ, ಗಾಜಿಗೆ ಎರಡೂ ಅಂಗೈ ಒತ್ತಿ, ತೆರೆದ ಬಾಯಿಗಳನ್ನು ನೋಡುತ್ತ.

ಕಡ್ಡಿಯನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ಮಾಲೀಕರು ಅಪ್ಪನನ್ನು ಕೆಳಗೆ ಕರೆಸಿದರು. ಒಳ್ಳೆಯ ಮನುಷ್ಯರೇ, ಆದರೆ ಮೂವರು ತಾಯಂದಿರು ಅವರ ಕತ್ತಿನ ಪಟ್ಟಿ ಹಿಡಿಯುವುದೊಂದು ಬಾಕಿ.

"ಹಾಡಿನ ಮಧ್ಯ ಗಂಟೆ ಯಾಕಯ್ಯಾ ಹೊಡೆದೆ?"

"ತಪ್ಪಾಯ್ತು ಸಾರ್."

"ತಪ್ಪಾಯ್ತು ಸರಿ. ಯಾಕೆ?"

"ತಪ್ಪಾಯ್ತು ಸಾರ್."

ಮಾಲೀಕರು ಅವನನ್ನೇ ದಿಟ್ಟಿಸಿದರು. ಆಮೇಲೆ ನಡೆದು ಅವನ ಬೆನ್ನ ಹಿಂದೆ ಹೋಗಿ ನಿಂತು, ಹೆಸರು ಹಿಡಿದು ಕರೆದರು. ಇನ್ನೊಮ್ಮೆ ಕರೆದರು. ಮೂರನೆಯ ಸಲ ಗೋಡೆ ನಡುಗುವ ಹಾಗೆ ಕೂಗಿದರು. ರಿಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಎದುರಿನ ಗೋಡೆ ನೋಡುತ್ತ, ಆ ಸಣ್ಣ ನಗೆಯನ್ನು ಮುಖದ ಮೇಲೆ ಹಾಗೇ ಇಟ್ಟುಕೊಂಡು ನಿಂತಿದ್ದ.

"ಎಷ್ಟು ದಿನದಿಂದ ಮಾರಾಯಾ ಇದು?" ಎಂದರು ಮಾಲೀಕರು, ಮೆತ್ತಗೆ. ಆ ಪ್ರಶ್ನೆಯೂ ಬೆನ್ನಿಗೇ ಹೋಯಿತು.

ಬುಗುರಿ ಕಂಬಿಯ ಬಳಿಯಿದ್ದಳು. "ನಾನು ಸನ್ನೆ ಮಾಡಿದೆ, ಅದಕ್ಕೇ ಹೊಡೆದ" ಎಂಬ ಐದು ಪದ ಅವಳ ನಾಲಿಗೆಯ ಮೇಲಿತ್ತು. ಅವಳು ಬಾಯಿ ತೆರೆಯಲಿಲ್ಲ. ಅಪ್ಪ ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ಸುದ್ದಿ ಹೇಳಿದವಳು ಅವಳೇ. ಅಮ್ಮ ಆಗಷ್ಟೇ ಬಂದು ಮೊಟ್ಟೆ ಬೇಯಲು ಇಟ್ಟಿದ್ದಳು.

"ಅಪ್ಪನ ಕೆಲಸ ಹೋಯ್ತು. ಅಪ್ಪನಿಗೆ ಕಿವಿ ಕೇಳಲ್ಲ."

"ಯಾರು ಹೇಳಿದ್ದು?"

"ಎಲ್ಲರೂ ನೋಡಿದ್ರು."

ಅಮ್ಮ ಒಂದು ಸ್ಟೀಲ್ ತಟ್ಟೆ ತೆಗೆದುಕೊಂಡಳು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವನ ಹಿಂದೆ ಹೋಗಿ ನಿಂತು, ತಟ್ಟೆಯನ್ನು ಕೈಬಿಟ್ಟಳು. ಅದು ನೆಲದ ಮೇಲೆ ಗಿರಗಿರ ತಿರುಗಿ, ಬಡಬಡಿಸಿ, ಸಾವಕಾಶವಾಗಿ ಮಲಗಿತು. ಪಕ್ಕದ ಮನೆಯವರು ಗೋಡೆ ತಟ್ಟಿದರು. ಅಪ್ಪ ಬೀದಿ ನೋಡುತ್ತಿದ್ದ.

ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. "ಹಾಗಾದ್ರೆ ನಾನು ಇಷ್ಟು ದಿನ ಗೋಡೆ ಜೊತೆ ಜಗಳ ಆಡಿದ್ನಾ?"

ಅಮ್ಮ ಕತ್ತು ತಿರುಗಿಸಿ ಅಜ್ಜಿಯನ್ನು ನೋಡಿದಳು.

"ಅತ್ತೆ, ನಿಮಗೆ ಗೊತ್ತಿತ್ತು."

"ಮೊಟ್ಟೆ ಒಡೀತು ನೋಡು, ನೀರು..."

"ಮೊಟ್ಟೆ ಹಾಳಾಗಿ ಹೋಗ್ಲಿ! ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು," ಎಂದಳು ಅಜ್ಜಿ. "ಇವನಪ್ಪನಿಗೂ ಇದೇ ವಯಸ್ಸಿಗೆ ಹೋಯ್ತು. ಮೊದಲು ಹಕ್ಕಿ ಕೂಗೋದು ಕೇಳಲ್ಲ, ಆಮೇಲೆ ಹೆಂಡತಿ ಕೂಗೋದು."

"ಒಂದು ಮಾತು ಹೇಳಬಾರ್ದಿತ್ತಾ ನಂಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ? ಡಾಕ್ಟರು, ಮದ್ದು ಅಂತ ಮೆರವಣಿಗೆ ಹೊರಡಿಸ್ತಿದ್ದೆ. ಊರಿಗೆಲ್ಲ ಗೊತ್ತಾಗಿ ಆವತ್ತೇ ಕೆಲಸ ಹೋಗ್ತಿತ್ತು. ಎರಡು ವರ್ಷ ಸಂಬಳ ಬಂತಲ್ಲ, ಅದನ್ನ ನೋಡು."

"ಸಂಬಳ ಬಂತು. ನಂಗೆ ಗಂಡ ಬರಲಿಲ್ಲ," ಎಂದಳು ಅಮ್ಮ. ಆಮೇಲೆ ಬುಗುರಿಯ ಕಡೆ ತಿರುಗಿದಳು. "ನೀನು? ದಿನಾ ಸಂಜೆ ಅಲ್ಲೇ ಬಿದ್ದಿರ್ತಿದ್ಯಲ್ಲ, ನಿಂಗೂ ಕಾಣಿಸ್ಲಿಲ್ವಾ? ಗಾಲಿ ಮೇಲೆ ನಿಂತ್ರೆ ಅಪ್ಪನೂ ಕಾಣಲ್ಲ, ಅಮ್ಮನೂ ಕಾಣಲ್ಲ ನಿಂಗೆ. ಸಾಕು ಇನ್ನು. ಬೂಟು ತಾ ಇಲ್ಲಿ."

ಬುಗುರಿ ಬೂಟು ತಂದುಕೊಟ್ಟಳು. ಅಮ್ಮ ಅದನ್ನು ಬೀರುವಿನ ಮೇಲಕ್ಕೆ, ಹಳೆಯ ಸೂಟ್‌ಕೇಸಿನ ಹಿಂದಕ್ಕೆ ಎಸೆದಳು. ಎಲ್ಲರೂ ಊಟ ಮಾಡಿದರು. ಬುಗುರಿ ಒಡೆದ ಮೊಟ್ಟೆ ತಿಂದಳು, ಪಾತ್ರೆ ತೊಳೆದಳು, ಒಲೆಯ ಕಟ್ಟೆ ಒರೆಸಿದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ.

ವಾರಗಳು ಹಾಗೇ ಸಾಗಿದವು. ಕಿವಿಯ ಡಾಕ್ಟರು ನರ ಸೋತಿದೆ, ಯಂತ್ರ ಹಾಕಿದರೆ ಅರ್ಧಂಬರ್ಧ ಮಾತು ಕೇಳೀತು, ಹಾಡಿನ ಆಸೆ ಬಿಡಿ ಎಂದರು. ಅಮ್ಮ ಕಾರ್ಖಾನೆಯಲ್ಲಿ ದಿನಾ ಎರಡು ಗಂಟೆ ಹೆಚ್ಚಿಗೆ ಕೂರತೊಡಗಿದಳು. ಅಡುಗೆ ಬುಗುರಿಯದಾಯಿತು. ಅವಳು ಅನ್ನ ಸೀಸಿದರೂ ಯಾರೂ ಬಯ್ಯಲಿಲ್ಲ, ಬಯ್ಗುಳಕ್ಕೂ ಒಂದು ಹುರುಪು ಬೇಕು. ಮಾಲೀಕರು ಕನಿಕರಪಟ್ಟು ಸವೆದ ಗಾಲಿಗಳನ್ನು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಿದ್ದರು. ಅಪ್ಪ ಬಾಲ್ಕನಿಯಲ್ಲಿ ಕೂತು ಅವುಗಳ ಬೇರಿಂಗು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ, ಮತ್ತೆ ಜೋಡಿಸುತ್ತಿದ್ದ. ಅಜ್ಜಿ ಪಕ್ಕದಲ್ಲಿ ಕೂತು ತೊಳೆದ ಗುಂಡುಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಒರೆಸುತ್ತಿದ್ದಳು. ಇಡೀ ಮನೆ ಸೀಮೆಎಣ್ಣೆ ನಾರುತ್ತಿತ್ತು, ಕೊನೆಗೆ ಅನ್ನವೂ.

ಅಮ್ಮ ಅಪ್ಪನ ಜೊತೆ ಮತ್ತೆ ಮಾತಾಡಲು ಕಲಿಯುತ್ತಿದ್ದಳು. ಮೊದಲು ಹೆಗಲು ತಟ್ಟಬೇಕು, ಅವನು ತಿರುಗುವವರೆಗೆ ಕಾಯಬೇಕು, ಆಮೇಲೆ ಬಾಯಿ ಅಗಲಿಸಿ ಒಂದೊಂದೇ ಮಾತು ಹೇಳಬೇಕು. ಹಾಗೆ ಹೇಳಹೊರಟರೆ ಅರ್ಧ ಮಾತು ಹೇಳುವಂಥದ್ದೇ ಅಲ್ಲವೆನಿಸಿ ಅಮ್ಮ ನಡುವಿನಲ್ಲೇ ಬಿಟ್ಟುಬಿಡುತ್ತಿದ್ದಳು. ಸಿಟ್ಟಂತೂ ಹೆಗಲು ತಟ್ಟುವಷ್ಟರಲ್ಲಿ ಆರಿಹೋಗಿರುತ್ತಿತ್ತು.

ಮೂರನೆಯ ವಾರ ಬುಗುರಿ ಕಡ್ಡಿಯ ಮನೆಗೆ ಹೋದಳು. ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಡ್ಡಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು, ಮೊಣಕೈವರೆಗೆ ಪ್ಲಾಸ್ಟರು. ಪಟಾಕಿ ಅದರ ಮೇಲೆ ಪೆನ್ನಿನಲ್ಲಿ ಮೀಸೆ ಬರೆಯುತ್ತಿದ್ದ.

"ಈಗ ಬಂದ್ಯಾ?" ಎಂದಳು ಕಡ್ಡಿ. "ನಿಮ್ಮಪ್ಪನ ಪುಣ್ಯ, ಪ್ರದರ್ಶನ ನೀರಿಗೆ ಬಿತ್ತು. ಕಿವಿ ಕೇಳದಿದ್ದೋರು ಆ ಕೆಲಸ ಯಾಕೆ ಮಾಡ್ಬೇಕು? ನಮ್ಮಮ್ಮ ಹೇಳ್ತಿದ್ರು, ಸುಳ್ಳು ಹೇಳಿ ಸಂಬಳ ತಗೊಂಡ್ರಲ್ಲ ಅಂತ."

"ಗಂಟೆ ಹೊಡೆಸಿದ್ದು ನಾನು," ಎಂದಳು ಬುಗುರಿ.

"ಏನು?"

"ಅಪ್ಪನಿಗೆ ಎರಡು ವರ್ಷದಿಂದ ಹಾಡು ಕೇಳಲ್ಲ. ನಾನು ಹಿಂದಕ್ಕೆ ಹೋದ್ರೆ ಕೊನೆ ಪಲ್ಲವಿ ಬಂತು ಅಂತ. ನೋಡಿ ಹೊಡೀತಾನೆ. ಆವತ್ತು ನೀನು ಈಗ ಅಂದೆ, ನಾನು ಮರೆತು ಹೋದೆ. ಅವನು ತಪ್ಪು ಮಾಡಿಲ್ಲ. ನೋಡಿದ, ಹೊಡೆದ."

ಅವಳು ಅಂಗಡಿಯ ಸಾಮಾನು ಪಟ್ಟಿ ಓದುವಂತೆ ಇದನ್ನೆಲ್ಲ ಹೇಳಿದಳು. ಪಟಾಕಿ ಪೆನ್ನಿಗೆ ಮುಚ್ಚಳ ಹಾಕಿದ.

"ಎರಡು ವರ್ಷದಿಂದಾನಾ?" ಎಂದಳು ಕಡ್ಡಿ.

"ಹೂಂ."

"ನಮಗೂ ಹೇಳ್ದೆ."

"ಅಪ್ಪನಿಗೇ ಹೇಳಿರಲಿಲ್ಲ."

ಕಡ್ಡಿ ಮುಖ ಗೋಡೆಗೆ ತಿರುಗಿಸಿದಳು. "ನೀನೀಗ ಹೋಗು," ಎಂದಳು. ಬುಗುರಿ ಹೋದಳು. ದಾರಿಯಲ್ಲಿ ಈರುಳ್ಳಿ, ಬ್ರೆಡ್ಡು ಕೊಂಡಳು. ಗೆಳತಿಯೂ ಹೋದಳಲ್ಲ ಎಂದುಕೊಂಡಳು, ಆದರೆ ಅದು ಬೇರೆ ಯಾರದೋ ಸುದ್ದಿಯಂತಿತ್ತು.

ಎರಡು ವಾರ ಕಡ್ಡಿಯ ಸದ್ದಿಲ್ಲ. ಪ್ರದರ್ಶನಕ್ಕೆ ಐದು ದಿನವಿರುವಾಗ, ಭಾನುವಾರ, ಎಲ್ಲರೂ ಮನೆಯಲ್ಲಿದ್ದ ಹೊತ್ತು ನೋಡಿ ಅವಳೇ ಬಂದಳು, ಹಿಂದೆ ಪಟಾಕಿ. ನೆಟ್ಟಗೆ ಅಮ್ಮನ ಮುಂದೆ ಹೋಗಿ ನಿಂತಳು.

"ಆಂಟೀ, ಬುಗುರಿನ ಪ್ರದರ್ಶನಕ್ಕೆ ಕಳಿಸಿ."

"ಕೈ ಮುರ್ಕೊಂಡು ಕೂತಿದ್ಯಲ್ಲೇ, ಸಾಲದಾ ನಿಂಗೆ?"

"ಕೈ ಮುರ್ದಿರೋದು, ಕಾಲಲ್ಲ. ನಾನು ನಡುವೆ ನಿಂತ್ಕೋತೀನಿ, ಅವರಿಬ್ರು ಸುತ್ತ ಬರ್ತಾರೆ. ಹಿಂದಕ್ಕೆ ಹೋಗೋ ಹೆಜ್ಜೆ ತೆಗೆದ್ಬಿಟ್ಟಿದೀನಿ." ಕೊನೆಯ ಮಾತು ಹೇಳುವಾಗ ಅವಳು ಬುಗುರಿಯನ್ನು ನೋಡಿದಳು. ಅಷ್ಟು ದಿನಕ್ಕೆ ಅದೇ ಮೊದಲ ನೋಟ.

"ಆಗಲ್ಲ," ಎಂದಳು ಅಮ್ಮ. "ಈ ಮನೆಗೆ ಗಾಲಿಯಿಂದ ಆಗಿದ್ದು ಸಾಕು. ಪರೀಕ್ಷೆ ಬರ್ತಿದೆ. ಓದ್ಲಿ, ನಾಲ್ಕಂಕ ತಗೊಳ್ಲಿ, ನನ್ನ ಹಾಗೆ ಕಾಲರು ಹೊಲೀದೆ ಬದುಕ್ಲಿ."

ಆಗ ಅಪ್ಪ ಬಾಲ್ಕನಿಯಿಂದ ಎದ್ದು ಬಂದ. ಅವನು ಬಾಗಿಲಲ್ಲಿ ನಿಂತು ಅಮ್ಮನ ಬಾಯಿ ನೋಡುತ್ತಿದ್ದುದು ಯಾರಿಗೂ ಗೊತ್ತಿರಲಿಲ್ಲ. ಸ್ಟೂಲು ಎಳೆದು ಹತ್ತಿದ. ಸೂಟ್‌ಕೇಸಿನ ಹಿಂದಿನಿಂದ ಬೂಟು ತೆಗೆದ. ಅಂಗಿಯ ತುದಿಯಲ್ಲಿ ಧೂಳು ಒರೆಸಿ, ಬೆರಳಿನಿಂದ ಒಂದು ಗಾಲಿ ತಿರುಗಿಸಿದ.

"ಇದಕ್ಕೆ ಗ್ರೀಸು ಹಾಕ್ಬೇಕು," ಎಂದ, ತನ್ನ ದನಿ ತನಗೇ ಕೇಳದವರಂತೆ ಜೋರಾಗಿ. "ಅವಳು ಹೋಗ್ಲಿ."

ಅಮ್ಮ ಎದುರಿಗೆ ಹೋಗಿ ನಿಂತಳು. "ಯಾಕೆ ಹೋಗ್ಬೇಕು? ಹೇಳ್ರೀ. ಯಾಕೆ?"

"ಅವಳು ಒಂದು ದಿನವೂ ಅವಳಿಗೋಸ್ಕರ ಆಡಿಲ್ಲ."

"ಹಾಗಂದ್ರೆ? ಎರಡು ವರ್ಷ ದಿನಾ ಆಡಿದ್ದು ಯಾರಿಗೋಸ್ಕರ?"

ಅಪ್ಪನಿಗೆ ಅದು ತಿಳಿಯಿತೋ ಇಲ್ಲವೋ. ಬೂಟು ಹಿಡಿದು ಬಾಲ್ಕನಿಗೆ ಹೋಗಿ ಸೀಮೆಎಣ್ಣೆಯ ಡಬ್ಬಿ ತೆರೆದ. ಅಮ್ಮ ಉತ್ತರಕ್ಕಾಗಿ ಮಗಳನ್ನು ನೋಡಿದಳು. ಬುಗುರಿ ಈರುಳ್ಳಿ ಹೆಚ್ಚತೊಡಗಿದಳು.

"ಹೋಗ್ಲಿ ಬಿಡಮ್ಮ," ಎಂದಳು ಅಜ್ಜಿ. "ನಾನೂ ಒಂದ್ಸಲ ನೋಡ್ತೀನಿ. ಗುಂಡು ಒರೆಸಿ ಒರೆಸಿ ಕೈ ಸುಲೀತು, ಗಾಲಿ ಉರುಳೋದನ್ನ ನೋಡೇ ಇಲ್ಲ."

ಶುಕ್ರವಾರ ಸಂಜೆ ನಾಲ್ವರೂ ಹೋದರು. ಅಮ್ಮ ಹದಿನೆಂಟು ವರ್ಷದಲ್ಲಿ ಗಂಡ ಕೆಲಸ ಮಾಡಿದ ಜಾಗಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಕಂಬಿಯಾಚೆ, ಗೂಡಿನ ಕೆಳಗಿನ ಬೆಂಚಿನಲ್ಲಿ ಅವಳು, ಅಪ್ಪ, ಅಜ್ಜಿ ಸಾಲಾಗಿ ಕೂತರು. ಮಾಲೀಕರು ಬಂದು ಅಪ್ಪನ ಹೆಗಲು ಹಿಸುಕಿ ಹೋದರು. ಗೂಡಿನಲ್ಲಿ ಅವರ ಅಳಿಯ ಕೂತಿದ್ದ. ಹಗ್ಗ ಬಿಚ್ಚಿ ತೆಗೆದಿದ್ದರು. ಈಗ ಒಂದು ಗುಂಡಿ ಒತ್ತಿದರೆ ಕರೆಗಂಟೆಯಂಥ ಕಿರ್ ಸದ್ದು ಬರುತ್ತಿತ್ತು.

ಅವರ ಸರದಿ ಬಂತು. ಕಡ್ಡಿ ಪ್ಲಾಸ್ಟರಿನ ಕೈಯನ್ನು ಎದೆಗಿಟ್ಟುಕೊಂಡು ರಿಂಕಿನ ನಡುವೆ ನಿಂತಳು. ಬುಗುರಿ, ಪಟಾಕಿ ಅವಳ ಸುತ್ತ ಬಂದರು. ಅದೇ ಹಾಡು. ಆವತ್ತು ಕಾಲೇ ಮರೆಸಿದ್ದ ಹಾಡು ಈಗ ಬುಗುರಿಗೆ ಗಡಿಯಾರದ ಮುಳ್ಳಿನಂತೆ ಸುಮ್ಮನೆ ನಡೆಯುತ್ತಿತ್ತು. ಒಂದೂ ಹೆಜ್ಜೆ ತಪ್ಪಲಿಲ್ಲ, ಒಂದರಲ್ಲೂ ಜೀವವಿರಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು. ಬೆಂಚಿನಲ್ಲಿ ಅಪ್ಪ ಮುಂದಕ್ಕೆ ಬಾಗಿ, ಕಡ್ಡಿಯ ತುಟಿ, ಪಟಾಕಿಯ ತುಟಿ, ಕಂಬಿಯ ಬಳಿ ನಿಂತವರ ತುಟಿ, ಒಂದೊಂದಾಗಿ ನೋಡುತ್ತಿದ್ದ. ಹಾಡು ಎಲ್ಲಿಗೆ ಬಂತೆಂದು ಹುಡುಕುತ್ತಿದ್ದ.

ಕೊನೆಯ ಪಲ್ಲವಿ ಶುರುವಾಯಿತು. ನೋಟುಬುಕ್ಕಿನ ಪ್ರಕಾರ ಬುಗುರಿ ಈಗ ಕಡ್ಡಿಯ ಕೈ ಹಿಡಿದು ನಿಲ್ಲಬೇಕಿತ್ತು. ಅವಳು ನಿಲ್ಲಲಿಲ್ಲ. ಬೆಂಚಿನವರೆಗೂ ಹೋಗಿ, ಅಪ್ಪನ ಎದುರಿಗೆ ಬಂದು, ಅವನು ತಲೆಯೆತ್ತುವವರೆಗೆ ಕಾದು, ಹಿಂದಕ್ಕೆ ಉರುಳಿದಳು.

ಅಪ್ಪ ನೋಡಿದ. ತೊಡೆಯ ಮೇಲಿದ್ದ ಬಲಗೈ ತಾನಾಗಿ ಎದ್ದಿತು, ತಲೆಯ ಎತ್ತರಕ್ಕೆ ಹೋಗಿ ಇಲ್ಲದ ಹಗ್ಗವನ್ನು ಹಿಡಿಯಿತು, ಒಮ್ಮೆ ಬಲವಾಗಿ ಕೆಳಗೆಳೆಯಿತು.

ಅಮ್ಮ ಆ ಕೈ ನೋಡಿದಳು. ಆಮೇಲೆ ಮಗಳ ಕಾಲು ನೋಡಿದಳು, ಮತ್ತೆ ಕೈ ನೋಡಿದಳು. ಅವಳ ಬಾಯಿ ತೆರೆಯಿತು. ದೂರ ಸರಿಯುತ್ತಿದ್ದ ಬುಗುರಿಗೆ ಹಾಡಿನ ಅಬ್ಬರದಲ್ಲಿ ಏನೂ ಕೇಳಿಸಲಿಲ್ಲ, ಆದರೂ ತುಟಿಯ ಮೇಲೆ ಆ ಮಾತು ಸ್ಪಷ್ಟವಾಗಿ ಕಂಡಿತು. ಅಯ್ಯೋ, ನನ್ನ ಕಂದಾ.

ಹಾಡು ಮುಗಿಯಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಜ್ಜಿಯಂತೂ ಪಕ್ಕದವರನ್ನೂ ತಟ್ಟಿ ಎಬ್ಬಿಸಿದಳು. ಅಪ್ಪ ಅಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೆಳಗಿಳಿದ ಆ ಬಲಗೈಯನ್ನು ಅಮ್ಮ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಬುಗುರಿ ನಿಲ್ಲಿಸುವುದನ್ನು ಮರೆತು ಹಾಗೇ ಉರುಳುತ್ತ ಹೋಗಿ ಹಿಂದಿನ ಕಂಬಿಗೆ ಬೆನ್ನು ತಾಗಿಸಿ ನಿಂತಳು. ಆಗ ಅವಳಿಗೆ ಅಳು ಬಂತು.